ಕಣದ ಮೇಲಿನ ಆಕಾಶ

ಅಂದು 2019ರ ಡಿಸೆಂಬರ್ 26. ಅರೇಬಿಕಾ ಕೊಯ್ಲು ಭರದಿಂದ ನಡೆದಿದ್ದ ದಿನಗಳು. ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ತೋಟದಲ್ಲಿ ಆ ಬೆಳಿಗ್ಗೆ ಮಾತ್ರ ಸದ್ದಿರಲಿಲ್ಲ. ಸೂರ್ಯಗ್ರಹಣ. ಕಾಸರಗೋಡಿನ ಚೆರುವತ್ತೂರಿನಲ್ಲಿ ಕಂಕಣ, ನಮ್ಮಲ್ಲಿ ಪಾರ್ಶ್ವ. ಗ್ರಹಣ ಬಿಡುವವರೆಗೆ ಕೆಲಸಕ್ಕೆ ಇಳಿಯುವುದಿಲ್ಲವೆಂದು ಕೊಯ್ಲಿನವರು ಲೈನ್ ಮನೆಗಳಲ್ಲೇ ಉಳಿದಿದ್ದರು. ಅಪ್ಪಯ್ಯ ಒಬ್ಬರೇ ಕಣದ ಅಂಚಿನಲ್ಲಿ ನಿಂತಿದ್ದರು. ಅವರಿಗೆ ಆಗ ಎಪ್ಪತ್ತೆಂಟು.

ಒಂಬತ್ತೂವರೆಯ ಸುಮಾರಿಗೆ ಬಿಸಿಲು ಕಳೆಗುಂದಿತು. “ಇಲ್ಲಿ ಬಾ, ನೆಲ ನೋಡು” ಎಂದು ಕರೆದರು. ಸಿಲ್ವರ್ ಮರದ ನೆರಳು ಬೀಳುವ ಕಡೆ, ಒಣಗಲು ಹರವಿದ್ದ ಚೆರಿಯ ಮೇಲೆ ನೂರಾರು ಬಿದಿಗೆ ಚಂದ್ರರು ಬಿದ್ದಿದ್ದರು. ಎಲೆಸಂದಿಯಿಂದ ಇಳಿದ ಒಂದೊಂದು ಬೆಳಕಿನ ಚುಕ್ಕಿಯೂ ಕುಡುಗೋಲಿನ ಹಾಗೆ ಬಾಗಿತ್ತು. ಗಾಳಿ ಬಂದಾಗ ಅಷ್ಟೂ ಕುಡುಗೋಲುಗಳು ಒಟ್ಟಿಗೆ ಅಲುಗುತ್ತಿದ್ದವು. “ನಮ್ಮಜ್ಜಯ್ಯ ನಂಗೆ ಇದನ್ನ ಅಡಿಗೆಮನೆ ನೆಲದ ಮೇಲೆ ತೋರಿಸಿದ್ರು. ಒಂದು ಹಂಚು ಬಿರುಕು ಬಿಟ್ಟಿತ್ತು, ಅಲ್ಲಿಂದ ಬೀಳ್ತಿತ್ತು” ಎಂದರು ಅಪ್ಪಯ್ಯ.

ಹಂಚಿನ ಮನೆಯಲ್ಲಿ ಬೆಳೆದವರೆಲ್ಲ ನೆಲದ ಮೇಲೆ ಬಿಸಿಲಿನ ದುಂಡು ಬಿಲ್ಲೆಗಳನ್ನು ನೋಡಿಯೇ ಇರುತ್ತಾರೆ. ಹಂಚಿನ ಬಿರುಕು ಓರೆಕೋರೆಯಾಗಿದ್ದರೂ ಬಿಲ್ಲೆ ಮಾತ್ರ ದುಂಡಗೇ ಏಕೆ? ಅದು ಬಿರುಕಿನ ಆಕಾರವಲ್ಲ, ಸೂರ್ಯನ ಚಿತ್ರ. ಸಣ್ಣ ತೂತೊಂದು ಮಸೂರವಿಲ್ಲದ ಕ್ಯಾಮೆರಾದಂತೆ ಕೆಲಸ ಮಾಡುತ್ತದೆ. ತೂತಿನಿಂದ ನೆಲಕ್ಕೆ ಎಷ್ಟು ದೂರವೋ ಅದರ 107ರಲ್ಲಿ ಒಂದು ಪಾಲಿನಷ್ಟು ಅಗಲದ ಸೂರ್ಯ ನೆಲದ ಮೇಲೆ ಮೂಡುತ್ತಾನೆ. ಆರು ಮೀಟರ್ ಎತ್ತರದ ಮಾಡಾದರೆ ಸುಮಾರು ಐದೂವರೆ ಸೆಂಟಿಮೀಟರ್. ಗ್ರಹಣದ ದಿನ ಆಕಾಶದಲ್ಲಿ ಸೂರ್ಯ ಕುಡುಗೋಲಾದರೆ ನೆಲದ ಮೇಲೂ ಕುಡುಗೋಲೇ.

ಮೂಡಿಗೆರೆಯಲ್ಲಿ ಕುಳಿತು ಮನೆಗಳ ನಕ್ಷೆ ಹಾಕುವುದು ನನ್ನ ಕೆಲಸ. ತೋಟದ ಬಂಗಲೆ, ಹೋಂಸ್ಟೇ, ಗೋಡೌನು, ಒಂದೆರಡು ಶಾಲೆ. ಆ ಬೆಳಗಿನಿಂದ ನನ್ನ ಮೇಜಿನ ಮೇಲೆ ಇನ್ನೊಂದು ನಕ್ಷೆಯೂ ಇದೆ. ಯಾರೂ ಕೇಳಿದ್ದಲ್ಲ, ನಾನಾಗಿ ಹಾಕುತ್ತಿರುವುದು: ನಮ್ಮ ಕಾಫಿ ಸೀಮೆಗೊಂದು ನಕ್ಷತ್ರಮನೆ. ಮಕ್ಕಳು ಖಗೋಳ ಕಲಿಯಬೇಕು, ಊರಿನವರು ಆಟ ನೋಡಬೇಕು, ಬೆಳೆಗಾರರು ಮಳೆ ಲೆಕ್ಕ ಮಾತಾಡಬೇಕು. ಬರುವ ನೂರು ವರ್ಷಕ್ಕೆ ಆಗುವಂಥ ಕಟ್ಟಡ. ಅದಕ್ಕೆ ಬೇಕಾದ ದೊಡ್ಡ ಯಂತ್ರ ಆಕಾಶವೇ, ಕಟ್ಟಡ ಮಾಡಬೇಕಾದ ಮೊದಲ ಕೆಲಸ ಅದಕ್ಕೆ ಜಾಗ ಬಿಡುವುದು. ಈ ಮಾತನ್ನು ನನಗೆ ಕಲಿಸಿದ ಕಟ್ಟಡ ನಮ್ಮ ಜಿಲ್ಲೆಯಲ್ಲೇ ಇದೆ.

ಶೃಂಗೇರಿಯ ಹನ್ನೆರಡು ಕಂಬ

ತುಂಗೆಯ ದಡದಲ್ಲಿರುವ ವಿದ್ಯಾಶಂಕರ ದೇವಾಲಯ 14ನೇ ಶತಮಾನದ್ದು. ಗುರು ವಿದ್ಯಾತೀರ್ಥರ ನೆನಪಿಗೆ, ವಿಜಯನಗರದ ಮೊದಲ ಅರಸರ ಕಾಲದಲ್ಲಿ ಎದ್ದದ್ದು. ವಾಸ್ತುಶಿಲ್ಪ ಓದುವಾಗ ಸ್ಕೆಚ್ ಪುಸ್ತಕ ಹಿಡಿದು ಮೊದಲ ಸಲ ಅದರ ಮುಂದೆ ಕುಳಿತಿದ್ದೆ. ಎತ್ತರದ ಜಗತಿ, ಎರಡೂ ತುದಿಗೆ ದುಂಡಗೆ ತಿರುಗುವ ಗೋಡೆ. ಒಳಗೆ ಪೂರ್ವದ ಮಂಟಪದಲ್ಲಿ ಹನ್ನೆರಡು ಕಂಬ, ಮೇಷದಿಂದ ಮೀನದವರೆಗೆ ಒಂದೊಂದಕ್ಕೆ ಒಂದೊಂದು ರಾಶಿಯ ಗುರುತು. ಕಂಬಕ್ಕೆ ಅಂಟಿ ನಿಂತ ಸಿಂಹಗಳ ಬಾಯಲ್ಲಿ ಹೊರಳುವ ಕಲ್ಲಿನ ಗುಂಡು. ಸೂರ್ಯ ಯಾವ ರಾಶಿಯಲ್ಲಿರುತ್ತಾನೋ ಆ ತಿಂಗಳು ಆ ಕಂಬದ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆ ಎಂಬುದು ಪ್ರತೀತಿ.

ಈ ಪ್ರತೀತಿಯನ್ನು ಕೈಮುಗಿದು ಬಿಟ್ಟುಬಿಡಬಾರದು, ನಕ್ಕು ತಳ್ಳಿಬಿಡಲೂಬಾರದು. ಲೆಕ್ಕ ಹಾಕಿ ನೋಡಬೇಕು. ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದು ವರ್ಷಕ್ಕೆ ಎರಡೇ ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವಗಳಲ್ಲಿ. ನಮ್ಮ ಅಕ್ಷಾಂಶ ಸುಮಾರು 13 ಡಿಗ್ರಿ. ಇಲ್ಲಿ ಜೂನ್‌ನಲ್ಲಿ ಸೂರ್ಯ ಪೂರ್ವದಿಂದ 24 ಡಿಗ್ರಿ ಎಡಕ್ಕೂ ಡಿಸೆಂಬರ್‌ನಲ್ಲಿ 24 ಡಿಗ್ರಿ ಬಲಕ್ಕೂ ಸರಿದು ಹುಟ್ಟುತ್ತಾನೆ. ಹಾಗಾಗಿ ಬಾಗಿಲಿನಿಂದ ಬರುವ ಬೆಳಕು ಒಳಗಿನ ಕಂಬಗಳ ಮೇಲೆ ವರ್ಷವಿಡೀ ಅತ್ತಿತ್ತ ಸರಿಯಲೇಬೇಕು. ಆದರೆ ಏಪ್ರಿಲ್ ಕೊನೆಯಲ್ಲಿ ಎಲ್ಲಿ ಹುಟ್ಟುತ್ತಾನೋ ಆಗಸ್ಟ್ ನಡುವಿನಲ್ಲೂ ಅಲ್ಲೇ ಹುಟ್ಟುತ್ತಾನೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ದಿಕ್ಕೊಂದನ್ನೇ ನಂಬಿದರೆ ಹನ್ನೆರಡು ತಿಂಗಳನ್ನು ಬಿಡಿಬಿಡಿಯಾಗಿ ಗುರುತಿಸುವುದು ಕಷ್ಟ.

ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲೂ ಇದೇ ಸಂಗತಿ ಇದೆ. ಮಕರ ಸಂಕ್ರಾಂತಿಯ ಸಂಜೆ ಬಿಸಿಲು ಗವಿಯೊಳಗೆ ಇಳಿಯುವುದು ಎಲ್ಲರಿಗೂ ಗೊತ್ತು. ನೆಹರು ತಾರಾಲಯದ ನಿರ್ದೇಶಕಿಯಾಗಿದ್ದ ಡಾ. ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಅಲ್ಲಿನ ಬೆಳಕನ್ನು ಅಧ್ಯಯನ ಮಾಡಿ, ನವೆಂಬರ್ ಕೊನೆಯ ಆಸುಪಾಸಿನಲ್ಲೂ ಬಿಸಿಲು ಅದೇ ದಾರಿಯಲ್ಲಿ ಬರುತ್ತದೆಂದು ತೋರಿಸಿದರು. ಆ ದಿನ ಹಬ್ಬವಿಲ್ಲ, ಜನ ಸೇರುವುದಿಲ್ಲ. ಸೂರ್ಯ ಮಾತ್ರ ಬಂದು ಹೋಗುತ್ತಾನೆ.

ಇಂಥ ಕಟ್ಟಡಗಳ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಹೊಸನಗರದ ಕಡೆ ನಿಲಸ್ಕಲ್ ಎಂಬ ಊರಿದೆ. ನಿಲ್ಲಿಸಿದ ಕಲ್ಲುಗಳಿಂದಲೇ ಅದಕ್ಕೆ ಆ ಹೆಸರು. ಅಲ್ಲಿಯ ಮತ್ತು ಹತ್ತಿರದ ಬೈಸೆಯ ಬೃಹತ್ ಶಿಲಾಯುಗದ ಕಲ್ಲುಗಳಲ್ಲಿ ಎಷ್ಟೋ ಜೋಡಿಗಳು ಉತ್ತರಾಯಣ, ದಕ್ಷಿಣಾಯನದ ತುದಿಯ ಸೂರ್ಯೋದಯ, ಸೂರ್ಯಾಸ್ತಗಳ ಕಡೆಗೆ ಗುರಿಯಿಟ್ಟು ನಿಂತಿವೆ ಎಂದು ಶ್ರೀಕುಮಾರ್ ಮೆನನ್ ಮತ್ತು ಸಂಗಡಿಗರು ಅಳೆದು ತೋರಿಸಿದ್ದಾರೆ. ಮಲೆನಾಡಿನಲ್ಲಿ ಆಕಾಶ ನೋಡಿ ಕಲ್ಲು ನಿಲ್ಲಿಸುವ ಕೆಲಸ ಹೊಸದಲ್ಲ.

ಜಾರುವ ಪಂಚಾಂಗ, ಮಳೆಯ ಓಣಿ

ಶೃಂಗೇರಿಯ ಕಂಬಗಳು ಇನ್ನೊಂದು ಪಾಠವನ್ನೂ ಹೇಳುತ್ತವೆ. ನನಗೆ ಅದು ಇನ್ನೂ ದೊಡ್ಡದು. ಸೂರ್ಯ ದಕ್ಷಿಣದ ತುದಿ ಮುಟ್ಟಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ. ನಾವು ಎಳ್ಳು ಬೀರುವುದು ಜನವರಿ 14–15ಕ್ಕೆ. ನಡುವೆ ಈಗ ಸುಮಾರು 24 ದಿನ. ಆ ದೇವಾಲಯ ಕಟ್ಟಿದ ಕಾಲದಲ್ಲಿ ಈ ಅಂತರ ಸುಮಾರು 15 ದಿನವಿತ್ತು. ಸುಮಾರು 1700 ವರ್ಷ ಹಿಂದೆ ಎರಡೂ ಒಂದೇ ದಿನ ಬೀಳುತ್ತಿದ್ದವು. ಸುತ್ತು ಕಡಿಮೆಯಾಗುತ್ತಿರುವ ಬುಗುರಿಯ ತಲೆ ಹೇಗೆ ನಿಧಾನ ತಿರುಗುತ್ತದೋ ಹಾಗೆ ಭೂಮಿಯ ಅಕ್ಷವೂ ತಿರುಗುತ್ತಿದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಅದರಿಂದ ನಮ್ಮ ರಾಶಿ–ನಕ್ಷತ್ರಗಳ ಲೆಕ್ಕ ಋತುವಿನ ಲೆಕ್ಕದಿಂದ 72 ವರ್ಷಕ್ಕೆ ಸುಮಾರು ಒಂದು ದಿನ ಜಾರುತ್ತದೆ.

ಕಟ್ಟಡದಲ್ಲಿ ಇದು ಎಷ್ಟು ಕಾಣುತ್ತದೆ? ಮೇಷ ಸಂಕ್ರಾಂತಿಯ ಸೂರ್ಯ 14ನೇ ಶತಮಾನದಲ್ಲಿ ಹುಟ್ಟುತ್ತಿದ್ದ ಜಾಗಕ್ಕಿಂತ ಈಗ ಸುಮಾರು ಮೂರೂವರೆ ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ. ಐದು ಮೀಟರ್ ದೂರದ ಕಂಬದ ಮೇಲೆ ಬೆಳಕು ಒಂದಡಿ ಪಕ್ಕಕ್ಕೆ ಸರಿದಂತೆ. ನನ್ನ ನಕ್ಷೆಯಲ್ಲೂ ಹನ್ನೆರಡು ಕಂಬಗಳಿವೆ. ಪ್ರತಿ ಕಂಬದ ಮೇಲೆ ಇಂದಿನ ಗೀಟು, ಅದರ ಪಕ್ಕ ಶೃಂಗೇರಿಯ ಕಾಲದ ಗೀಟು, ಇನ್ನೊಂದು ಪಕ್ಕ ಮುಂದಿನ 700 ವರ್ಷದ ಗೀಟು. ಹಳ್ಳಿಶಾಲೆಯ ಮಗು ಮೂರು ಗೀಟುಗಳ ಮೇಲೂ ಕೈಯಾಡಿಸಲಿ. ಭೂಮಿಯ ತಲೆ ತಿರುಗುತ್ತಿರುವುದು ಬೆರಳಿಗೆ ಗೊತ್ತಾಗಲಿ.

ಕಾಫಿ ಸೀಮೆಯವರಿಗೆ ಈ ಲೆಕ್ಕ ಮನೆಯ ಮಾತೂ ಹೌದು. ನಾವು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುವವರು. ಭರಣಿ ಮಳೆ ಧರಣಿ ಬೆಳೆ ಎನ್ನುತ್ತೇವೆ. ಆರಿದ್ರಾ ಬಂತೆಂದರೆ ಹೊಳೆಯ ಸಂಕದ ಯೋಚನೆ. ಸೂರ್ಯ ಒಂದು ನಕ್ಷತ್ರದ ಎದುರು 13–14 ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಜೂನ್ 21–22ರಿಂದ ಆರಿದ್ರಾ, ಏಪ್ರಿಲ್ ಕೊನೆಯಿಂದ ಭರಣಿ. ಹಗಲಲ್ಲಿ ಕಾಣದ ನಕ್ಷತ್ರವನ್ನು ಮಳೆಯ ಹೆಸರಾಗಿ ನೆನಪಿಟ್ಟುಕೊಂಡ ಜನ ನಾವು. ಈ ಪಂಚಾಂಗವೂ 72 ವರ್ಷಕ್ಕೊಂದು ದಿನ ಜಾರುತ್ತದೆಂದು ಗೊತ್ತಾದ ದಿನ ನಮ್ಮ ದೊಡ್ಡಮ್ಮ ಹೇಳುತ್ತಿದ್ದ ಇಂಥ ಮಳೆ ಗಾದೆಗಳ ಬಗ್ಗೆ ನನಗಿದ್ದ ಪ್ರೀತಿ ಹೆಚ್ಚಾಯಿತು. ಆ ಗಾದೆ ಕಟ್ಟಿದವರು ಯಾವ ಶತಮಾನದಲ್ಲಿ ನಿಂತು ಮಳೆ ನೋಡಿದರು ಎಂಬ ಪ್ರಶ್ನೆ ಅದರೊಳಗೇ ಇದೆ.

ಅದಕ್ಕೇ ನಕ್ಷತ್ರಮನೆಗೆ ಒಂದು ಉದ್ದನೆಯ ಓಣಿ. ಗೋಡೆಯ ಮೇಲೆ 27 ಮನೆ, ಒಂದೊಂದಕ್ಕೆ ಒಂದು ನಕ್ಷತ್ರ. ಆಕಾಶದಲ್ಲಿ ಅದು ಎಲ್ಲಿದೆ ಎಂಬ ಚಿತ್ರ, ಅದರ ಕೆಳಗೆ ನಮ್ಮ ಊರುಗಳ ಮಳೆ ಲೆಕ್ಕ. ಹೆಚ್ಚುಕಡಿಮೆ ಎಲ್ಲ ತೋಟದ ಮನೆಯಲ್ಲೂ ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ ಎಂದು ಬರೆದಿಟ್ಟ ಪುಸ್ತಕಗಳಿವೆ. ಅಪ್ಪಯ್ಯನದೇ ನಲವತ್ತು ವರ್ಷದ್ದಿದೆ. ಹೂಮಳೆ ಯಾವತ್ತು ಬಿತ್ತು, ಹೂ ಯಾವತ್ತು ಅರಳಿತು, ಎಲ್ಲ ಅದರಲ್ಲಿದೆ. ಮೂಡಿಗೆರೆಯಲ್ಲಿ ಕುಳಿತು ತೇಜಸ್ವಿಯವರು ಹಾರುವ ಓತಿಯನ್ನೂ ಹಕ್ಕಿಗಳನ್ನೂ ಕನ್ನಡದ ಮನೆಮಾತು ಮಾಡಿದರು. ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ, ಅಲ್ಲಿ ಪ್ರದರ್ಶನಕ್ಕಿಟ್ಟ ಕೀಟಗಳ ಮುಂದೆ ಬಗ್ಗಿ ನಿಂತ ಮಕ್ಕಳನ್ನು ನೋಡಿದಾಗಲೆಲ್ಲ ಈ ಮಳೆ ಪುಸ್ತಕಗಳಿಗೂ ಒಂದು ಗೋಡೆ ಸಿಗಬೇಕು ಅನ್ನಿಸುತ್ತದೆ.

ಗುಮ್ಮಟಕ್ಕೊಂದು ಗೊರಬು

ಮಳೆಯ ಮಾತು ಬಂತು, ನನ್ನದೊಂದು ತಪ್ಪನ್ನು ಹೇಳಲೇಬೇಕು. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಹೋಂಸ್ಟೇಗೆ ಫೈಬರಿನ ಪಾರದರ್ಶಕ ಗುಮ್ಮಟ ಮಾಡಿಸಿದ್ದೆ. ಮಲಗಿದಲ್ಲಿಂದಲೇ ನಕ್ಷತ್ರ ಕಾಣಲಿ ಎಂಬ ಆಸೆ. ನಕ್ಷೆ ನೋಡಿದ ಮೇಸ್ತ್ರಿ ಒಂದೇ ಮಾತು ಕೇಳಿದ್ದರು: “ಚಂದ ಉಂಟು ಅಮ್ಮ, ನೀರು ಎಲ್ಲಿಗೆ ಹೋಗ್ತದೆ?” ನಾನು ಉತ್ತರಿಸಿದೆ, ಆದರೆ ಅವರ ಪ್ರಶ್ನೆ ನನ್ನ ಕಿವಿಗೆ ಬಿದ್ದಿರಲಿಲ್ಲ. ಆಶ್ಲೇಷದ ಮಳೆಗೆ ಕೀಲುಗಳಿಂದ ನೀರು ಇಳಿಯಿತು. ಮರುವರ್ಷಕ್ಕೆ ಗುಮ್ಮಟದ ಮೈಗೆಲ್ಲ ಪಾಚಿ ಕಟ್ಟಿ ನಕ್ಷತ್ರವಿರಲಿ, ಹಗಲಿನ ಬೆಳಕೂ ಬರಲಿಲ್ಲ. ಆ ಮನೆಯವರು ದುಡ್ಡು ಕಳೆದುಕೊಂಡರು. ನೆನೆದರೆ ಈಗಲೂ ನೋವಾಗುತ್ತದೆ.

ಮಳೆಗಾಲದ ನಾಲ್ಕೈದು ತಿಂಗಳು ನಮಗೆ ಆಕಾಶವೇ ಇಲ್ಲ. ಆ ಕಾಲಕ್ಕೆ ಒಳಗೊಂದು ಆಕಾಶ, ಅಂದರೆ ತಾರಾಲಯದ ಗುಮ್ಮಟ ಬೇಕು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ 1989ರದ್ದು. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯದ ಗುಮ್ಮಟದ ಅಡ್ಡಳತೆ 18 ಮೀಟರ್. ಹಳೆಯ ಮಾದರಿಯಲ್ಲಿ ಗುಮ್ಮಟ ಮಟ್ಟಸವಾಗಿ ಕೂರುತ್ತದೆ, ಕುರ್ಚಿಗಳು ಸುತ್ತ. ಹೊಸ ಮಾದರಿಯಲ್ಲಿ ಗುಮ್ಮಟವನ್ನೇ ಓರೆ ಮಾಡಿ, ಇಳಿಜಾರಿನಲ್ಲಿ ಕುಳಿತವರ ಎದುರಿಗೇ ಆಕಾಶ ಬರುವಂತೆ ಮಾಡುತ್ತಾರೆ. ಬಯಲುಸೀಮೆಯಲ್ಲಿ ಈ ಇಳಿಜಾರನ್ನು ಕಾಂಕ್ರೀಟಿನಲ್ಲಿ ಕಟ್ಟಬೇಕು. ನಮಗೆ ಗುಡ್ಡವೇ ಕೊಟ್ಟಿದೆ. ತೋಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಮಣ್ಣು ಕಡಿಯುವ ಹಾಗೆ ಕಡಿದು ಕಲ್ಲಿನ ಆಸನ ಹಾಕಿದರೆ ಸಾಕು.

ಆ ಗುಮ್ಮಟಕ್ಕೆ ಮಳೆ ತಾಗಬಾರದು. ನಾಟಿಯ ದಿನ ಹೆಂಗಸರು ಗೊರಬು ಹಾಕಿಕೊಂಡು ಬಗ್ಗಿರುವುದನ್ನು ನೋಡಿದವರಿಗೆ ಉಪಾಯ ಕಣ್ಣೆದುರೇ ಇದೆ. ಮಳೆ ಗೊರಬಿನ ಬೆನ್ನ ಮೇಲೆ ಜಾರಿ ಹೋಗುತ್ತದೆ, ಒಳಗೆ ಗಾಳಿ ಆಡುತ್ತದೆ, ಬೆನ್ನು ಒಣಗಿರುತ್ತದೆ. ಒಳಗೆ ಹಗುರ ಗುಮ್ಮಟ, ಅದರ ಮೇಲೆ ಕೈಯಗಲ ಗಾಳಿ ಬಿಟ್ಟು ಗೊರಬಿನಂಥ ಹಂಚಿನ ಮಾಡು, ಉದ್ದನೆಯ ಸೂರು. ಮಸೂರಕ್ಕೆ ಬೂಷ್ಟು ಹಿಡಿಯುವುದು ಮಲೆನಾಡಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆಲ್ಲ ಗೊತ್ತು. ದೂರದರ್ಶಕ, ಪ್ರೊಜೆಕ್ಟರುಗಳ ಕೋಣೆಯನ್ನು ಏಲಕ್ಕಿ ಒಣಗಿಸುವ ಕೋಣೆಯಂತೆ ದಪ್ಪ ಗೋಡೆ, ಹದವಾದ ಬಿಸಿ ಇಟ್ಟು ಕಟ್ಟಬೇಕು. ಮುಂದಿನ ಕಾಲದ ಕಟ್ಟಡಕ್ಕೆ ಬೇಕಾದ ಜಾಣತನದ ಬಹುಪಾಲು ನಮ್ಮ ಹಿತ್ತಲಲ್ಲೇ ಇದೆ.

ತೆರೆದ ಕಣ, ತೆರೆದ ಕಿಂಡಿ

ಆದರೆ ಗುಮ್ಮಟ ಈ ಕಟ್ಟಡದ ಎದೆಯಲ್ಲ. 2021ರಲ್ಲಿ ಚೀನಾದ ಶಾಂಘೈಯಲ್ಲಿ ಒಂದು ದೊಡ್ಡ ಖಗೋಳ ವಸ್ತುಸಂಗ್ರಹಾಲಯ ಆರಂಭವಾಯಿತು. ಗ್ರಹಗಳ ದಾರಿಯ ಹಾಗೆ ಅದರ ಗೋಡೆ, ಮಾಡುಗಳೆಲ್ಲ ಬಳುಕಿವೆ. ಅಷ್ಟು ದೊಡ್ಡ ಕಟ್ಟಡದಲ್ಲಿ ನನ್ನ ಮನಸ್ಸು ನಿಂತದ್ದು ಬಾಗಿಲ ಮೇಲಿನ ಒಂದು ದುಂಡು ತೂತಿನಲ್ಲಿ. ಅದರಿಂದ ಬೀಳುವ ಬಿಸಿಲ ಬಿಲ್ಲೆ ಅಂಗಳದ ಮೇಲೆ ನಡೆಯುತ್ತಾ ಹೊತ್ತು ಹೇಳುತ್ತದೆ. ಜೈಪುರದಲ್ಲಿ 1734ರ ಹೊತ್ತಿಗೆ ಎದ್ದ ಸಮ್ರಾಟ ಯಂತ್ರವೂ ಹೀಗೆಯೇ, ವಿದ್ಯುತ್ತಿಲ್ಲದೆ ಬಿಸಿಲಿನಲ್ಲಿ ಹೊತ್ತು ಹೇಳುವ 27 ಮೀಟರ್ ಎತ್ತರದ ಕಲ್ಲಿನ ಗಡಿಯಾರ. ಅದರ ಇಳಿಜಾರು ಅಲ್ಲಿಯ ಅಕ್ಷಾಂಶದಷ್ಟೇ, 27 ಡಿಗ್ರಿ. ಕಳಸದಲ್ಲಿ ಕಟ್ಟಿದರೆ ಅದು 13 ಡಿಗ್ರಿಯ ಮೆಲ್ಲನೆಯ ಏರು, ಅಜ್ಜಿಯರೂ ಹತ್ತಬಹುದಾದದ್ದು.

ನನ್ನ ನಕ್ಷೆಯ ನಡುವೆ ಒಂದು ಕಣವಿದೆ. ಮರಗಳೇ ತುಂಬಿದ ತೋಟದಲ್ಲಿ ಆಕಾಶ ಪೂರ್ತಿ ಕಾಣುವ ಜಾಗ ಕಣವೊಂದೇ. ಕಾಫಿ ಒಣಗುವ ಡಿಸೆಂಬರ್‌ನಿಂದ ಫೆಬ್ರವರಿಯ ತಿಂಗಳುಗಳೇ ನಮ್ಮ ಆಕಾಶ ಸ್ವಚ್ಛವಾಗಿರುವ ತಿಂಗಳುಗಳೂ ಹೌದು. ಕಾಫಿ ಕಾಯಲು ಕಣದಲ್ಲಿ ಮಲಗುತ್ತಿದ್ದವರಿಗೆ ಕೃತ್ತಿಕೆಯ ಗೊಂಚಲು, ಮೂರು ನಕ್ಷತ್ರದ ಸಾಲು ಎಲ್ಲಿಗೆ ಬಂದರೆ ಎಷ್ಟು ಹೊತ್ತು ಎಂಬುದು ಗೊತ್ತಿತ್ತು. ಮೇಳದವರ ಬಯಲಾಟಕ್ಕೂ ಅದೇ ಕಾಲ. ಆಟ ಶುರುವಾಗುವ ಮೊದಲು ಒಂದು ಗಂಟೆ ದೀಪವಾರಿಸಿ ಆಕಾಶ ನೋಡೋಣ, ಆಮೇಲೆ ಚೆಂಡೆ ಕೇಳೋಣ. ವಿಜ್ಞಾನಕ್ಕೂ ಕಲೆಗೂ ಒಂದೇ ಅಂಗಳ.

ಕಣದ ದಕ್ಷಿಣದ ಗೋಡೆಯಲ್ಲಿ ಒಂದು ಕಿಂಡಿ. ಕಳಸೇಶ್ವರನ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗಿರಿಜಾ ಕಲ್ಯಾಣಕ್ಕೆ ಎಲ್ಲರೂ ಉತ್ತರಕ್ಕೆ ಸೇರಿದಾಗ ಭೂಮಿ ವಾಲಿತು, ಅದನ್ನು ಸರಿದೂಗಿಸಲು ಅಗಸ್ತ್ಯರು ದಕ್ಷಿಣಕ್ಕೆ ಬಂದರು, ಕಳಸದಲ್ಲೇ ನಿಂತು ಮದುವೆ ಕಂಡರು. ಅಗಸ್ತ್ಯ ನಕ್ಷತ್ರವೂ ದಕ್ಷಿಣದವನೇ. ಲುಬ್ಧಕವನ್ನು ಬಿಟ್ಟರೆ ಇರುಳಿನ ಆಕಾಶದಲ್ಲಿ ಅತ್ಯಂತ ಉಜ್ವಲವಾದ ನಕ್ಷತ್ರ. ದೆಹಲಿಯಲ್ಲಿ ಅದು ಕ್ಷಿತಿಜದಿಂದ 9 ಡಿಗ್ರಿ ಕೂಡ ಏರುವುದಿಲ್ಲ. ನಮ್ಮಲ್ಲಿ 24 ಡಿಗ್ರಿ. ಕೈ ನೀಡಿ ಹಿಡಿದ ಒಂದು ಮುಷ್ಟಿ ಸುಮಾರು 10 ಡಿಗ್ರಿಯಾದರೆ ಎರಡೂವರೆ ಮುಷ್ಟಿ ಎತ್ತರ. ಫೆಬ್ರವರಿಯ ರಾತ್ರಿ ಒಂಬತ್ತರ ಸುಮಾರಿಗೆ ಅಗಸ್ತ್ಯ ಸರಿಯಾಗಿ ಆ ಕಿಂಡಿಯಲ್ಲಿ ನಿಲ್ಲುತ್ತಾನೆ. ಉತ್ತರಕ್ಕೆ ಧ್ರುವನಿಗೊಂದು ಕಿಂಡಿ, 13 ಡಿಗ್ರಿ ಎತ್ತರದಲ್ಲಿ. ಉತ್ತರಕ್ಕೆ ದೊಡ್ಡ ಗುಡ್ಡವಿದ್ದರೆ ಧ್ರುವ ಕಾಣುವುದೇ ಇಲ್ಲ, ಆದ್ದರಿಂದ ಜಾಗ ಆರಿಸುವಾಗಲೇ ಎಚ್ಚರ ಬೇಕು.

ಇಷ್ಟಕ್ಕೂ ಬೇಕಾದದ್ದು ಕತ್ತಲು. ಈಗ ಗುಡ್ಡದ ನೆತ್ತಿಯ ಮೇಲೆಲ್ಲ ಬಿಳಿ ಫ್ಲಡ್‌ಲೈಟು. ಮುಳ್ಳಯ್ಯನಗಿರಿಯ ಕಡೆಯಿಂದ ರಾತ್ರಿ ನೋಡಿದರೆ ಕಣಿವೆಯ ತುಂಬ ಬೆಳಕಿನ ಕಲೆಗಳು. ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದ ಮೇಲೆ ಅಲ್ಲಿಯ ಹಳ್ಳಿಯವರೇ ದೀಪಗಳಿಗೆ ಮುಸುಕು ಹಾಕಿ ಪ್ರವಾಸಿಗಳಿಗೆ ನಕ್ಷತ್ರ ತೋರಿಸುತ್ತಿದ್ದಾರೆ. ನಾನೀಗ ಹಾಕುವ ಪ್ರತಿ ಮನೆಯ ನಕ್ಷೆಯಲ್ಲೂ ಹೊರಗಿನ ದೀಪಕ್ಕೆ ಟೋಪಿ ಬರೆಯುತ್ತೇನೆ: ಬೆಳಕು ಕೆಳಗೇ ಬೀಳಬೇಕು, ಬಣ್ಣ ಬೆಚ್ಚಗಿರಬೇಕು, ಮಲಗುವಾಗ ಆರಬೇಕು. ಕತ್ತಲು ಹೋದರೆ ನಕ್ಷತ್ರಮನೆಯಲ್ಲಿ ಮನೆ ಮಾತ್ರ ಉಳಿಯುತ್ತದೆ.

ಮೊದಲ ಗೀಟು

ಈ ಕಟ್ಟಡ ಯಾವಾಗ ಏಳುತ್ತದೋ ನನಗೆ ಗೊತ್ತಿಲ್ಲ. ಆದರೆ ಕಾಯುತ್ತಾ ಕೂರಲೂ ಮನಸ್ಸಾಗಲಿಲ್ಲ. ನಮ್ಮ ಕಣದ ಪಕ್ಕದ ಹಳೆ ಗೋಡೌನಿನ ಮಾಡಿನಿಂದ ಒಂದು ಹಂಚು ತೆಗೆಸಿ ತಗಡು ಕೂರಿಸಿದೆ, ಅದರಲ್ಲಿ ಕಡಲೆಕಾಳಿನಷ್ಟು ತೂತು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುವುದು ವರ್ಷಕ್ಕೆ ಎರಡು ದಿನ, ಏಪ್ರಿಲ್ 25 ಮತ್ತು ಆಗಸ್ಟ್ 17–18ರ ಆಸುಪಾಸು. ಆಗಸ್ಟಿನದು ಮಳೆಗೆ ಹೋಗುತ್ತದೆ. ಕಳೆದ ಏಪ್ರಿಲ್ 25ಕ್ಕೆ ಅದೇ ಹಳೆಯ ಮೇಸ್ತ್ರಿ ಬಂದು ತೂತಿನಿಂದ ತೂಗುಗುಂಡು ಇಳಿಬಿಟ್ಟರು. ಅಪ್ಪಯ್ಯ ಕುರ್ಚಿ ಹಾಕಿಸಿಕೊಂಡು ಕುಳಿತರು. ಲಿಂಬೆಹಣ್ಣಿನಷ್ಟು ಬಿಸಿಲ ಬಿಲ್ಲೆ ಪಶ್ಚಿಮದಿಂದ ತೆವಳುತ್ತಾ ಬಂದು 12 ಗಂಟೆ 26 ನಿಮಿಷದ ಹೊತ್ತಿಗೆ ಗುಂಡಿನ ತುದಿಯ ಕೆಳಗೆ ಸೇರಿತು. ಹೊರಗೆ ಕಣದಲ್ಲಿ ನೆಟ್ಟಿದ್ದ ಕೋಲಿಗೆ ನೆರಳೇ ಇರಲಿಲ್ಲ.

“ಗುರುತು ಹಾಕಿಬಿಡುವುದಾ ಅಮ್ಮ?” ಎಂದರು ಮೇಸ್ತ್ರಿ. ಉಳಿ ತೆಗೆದು ನೆಲದಲ್ಲಿ ಒಂದು ಗೀಟು ಕೊರೆದರು.

2031ರ ಮೇ 21ರಂದು ಮತ್ತೊಂದು ಕಂಕಣ ಗ್ರಹಣವಿದೆ. ಕಂಕಣ ಕಾಣುವುದು ಕೇರಳ, ತಮಿಳುನಾಡಿನ ದಕ್ಷಿಣದಲ್ಲಿ, ನಮಗೆ ಮತ್ತೆ ಪಾರ್ಶ್ವವೇ. ಕೃತ್ತಿಕೆ ಮಳೆಯ ದಿನಗಳು ಅವು, ಮೋಡ ಬಿಡುವು ಕೊಡಬೇಕು. ಕೊಟ್ಟರೆ ಮಧ್ಯಾಹ್ನ ಒಂದು ಗಂಟೆಯ ಆಸುಪಾಸಿನಲ್ಲಿ, ಈ ಗೀಟಿನಿಂದ ಸುಮಾರು ಒಂದು ಮೀಟರ್ ಆಗ್ನೇಯಕ್ಕೆ ಬಿದಿಗೆ ಚಂದ್ರನಂಥ ಸೂರ್ಯ ಬೀಳುತ್ತಾನೆ. ಅಪ್ಪಯ್ಯನಿಗೆ ಆಗ ತೊಂಬತ್ತು. ಆ ಜಾಗದಲ್ಲಿ ಚೀಲ ಪೇರಿಸಬಾರದೆಂದು ಅವರು ಈಗಲೇ ಎಲ್ಲರಿಗೂ ಹೇಳಿಟ್ಟಿದ್ದಾರೆ.